ಅಮೃತಮಹಲಿನ ಎತ್ತೂ ಮೈಸೂರಿನ ಚರಿತ್ರೆಯೂ

ರಾಜ್ಯಗಳ ಏಳುಬೀಳುಗಳನ್ನು ಬಣ್ಣಿಸುವ ಗ್ರಂಥಗಳಲ್ಲಿ ದೊರೆಗಳ ಪರಾಕ್ರಮಕ್ಕೂ ಮಂತ್ರಿಗಳ ನೀತಿಕೌಶಲಕ್ಕೂ ಬೇಕಾದಷ್ಟು ಸ್ಥಳವುಂಟು. ದೊರೆಯ ಫಿರಂಗಿಯನ್ನೆಳೆದ ಎತ್ತಿಗಾಗಲಿ, ಆ ಎತ್ತು ಮೇದ ಹುಲ್ಲಿಗಾಗಲಿ ಅಲ್ಲಿ ದೊರೆಯುವುದು ಒಂದೆರಡು ಪಂಕ್ತಿಗಳು ಮಾತ್ರ. ಆದರೆ ಹದಿನೆಂಟನೆಯ ಶತಮಾನದ ದಕ್ಷಿಣ ಹಿಂದೂಸ್ಥಾನದಲ್ಲಿ ಒಳ್ಳೆಯ ರಸ್ತೆಗಳು ವಿರಳವಾಗಿದ್ದುವು. ಮಳೆ ಬಂದರೆ ಎರೆಯ ನೆಲದಲ್ಲಿ ಗಾಲಿಗಳು ಅಚ್ಚಿನವರೆಗೂ ಹೂತುಹೋಗುತ್ತಿದ್ದುವು. ಅಂತಹ ಕಾಲದಲ್ಲಿ ಎಷ್ಟು ಫಿರಂಗಿಗಳಿವೆ ಎಂಬುದಕ್ಕಿಂತ, ಅವುಗಳನ್ನು ಬೇಕಾದ ದಿನ ಬೇಕಾದೆಡೆಗೆ ಒಯ್ಯಬಲ್ಲ ಎತ್ತುಗಳು ಎಷ್ಟಿವೆ ಎಂಬುದೇ ಮುಖ್ಯವಾದ ಪ್ರಶ್ನೆಯಾಗಿದ್ದಿತು. ಈ ಪ್ರಶ್ನೆಗೆ ಮೈಸೂರು ಕೊಟ್ಟ ಉತ್ತರವೇ ಅಮೃತಮಹಲು.

ಈ ಉತ್ತರವು ಮೊದಲು ಹುಟ್ಟಿದ್ದು ನೆಲದಲ್ಲಿ. ಮಲೆನಾಡಿನ ಬೆಟ್ಟಗಳು ಮಳೆಯ ಬಹುಭಾಗವನ್ನು ತಮ್ಮಲ್ಲೇ ತಡೆದುಕೊಳ್ಳುವುದರಿಂದ, ಅವುಗಳ ಪೂರ್ವಕ್ಕಿರುವ ಚಿತ್ರದುರ್ಗ, ತುಮಕೂರು, ಕಡೂರು, ಹಾಸನ ಸೀಮೆಗಳ ಬಯಲುಗಳಿಗೆ ಬೀಳುವ ಮಳೆ ಅಲ್ಪ. ದಟ್ಟವಾದ ಕಾಡು ಬೆಳೆಯಲು ಆ ನೀರು ಸಾಲದು, ಹುಲ್ಲಿಗೆ ಸಾಕು. ಅಲ್ಲಲ್ಲಿ ಜಾಲಿಯ ಮರಗಳನ್ನುಳ್ಳ ಈ ವಿಸ್ತಾರವಾದ ಬಯಲುಗಳಲ್ಲಿ ಹುಟ್ಟಿದ ದನವು ಬಿಸಿಲನ್ನು ತಾಳಬೇಕು, ಮೇವಿಗಾಗಿ ದೂರ ನಡೆಯಬೇಕು, ಕಲ್ಲುನೆಲವನ್ನು ಗೊರಸಿನಿಂದ ಗೆಲ್ಲಬೇಕು. ಹೀಗೆ ಶತಮಾನಗಳ ಕಾಲ ಆ ಬಯಲೇ ಆರಿಸಿ ಉಳಿಸಿದ ತಳಿಗಳಲ್ಲಿ ಹಳ್ಳಿಕಾರವು ಪ್ರಧಾನವಾದುದು. ದನಗಳನ್ನು ಸಾಕುವುದರಲ್ಲಿ ಹೆಸರಾದ ಹಳ್ಳಿಕಾರ ಜನರಿಂದಲೇ ತಳಿಗೆ ಆ ಹೆಸರು ಬಂದಿತು.

ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಳ್ಳಿಕಾರ ಹಸುಗಳು ಮೈಸೂರಿನ ಒಡೆಯರ ವಶಕ್ಕೆ ಬಂದುವೆಂದು ಹಳೆಯ ವೃತ್ತಾಂತಗಳು ತಿಳಿಸುತ್ತವೆ. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಈ ಮಂದೆಗಳ ಆಡಳಿತಕ್ಕೆ ‘ಬೆಣ್ಣೆ ಚಾವಡಿ’ಯೆಂಬ ಹೆಸರಿದ್ದಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದೇ ಅದರ ಕೆಲಸವೆಂಬುದನ್ನು ಹೆಸರೇ ಸಾರುತ್ತದೆ. ಹೈದರಾಲಿಯ ಕಣ್ಣಿಗಾದರೋ ಈ ಮಂದೆಗಳಲ್ಲಿ ಕಂಡುದು ಬೆಣ್ಣೆಯಲ್ಲ, ವೇಗ. ಆತನು ಇವುಗಳ ಎತ್ತುಗಳನ್ನು ದಂಡಿನ ಕೆಲಸಕ್ಕೆ ತಿರುಗಿಸಿದನು. ಟಿಪ್ಪು ಸುಲ್ತಾನನು ಹಾಗಲವಾಡಿಯ ಪಾಳೆಯಗಾರರ ದನಗಳನ್ನೂ ಇವುಗಳೊಡನೆ ಕೂಡಿಸಿ, ಇಲಾಖೆಗೆ ಅಮೃತಮಹಲೆಂದು ಹೆಸರಿಟ್ಟು, ಅದರ ನಡಾವಳಿಗಾಗಿ ಹುಕುಂನಾಮೆಯೊಂದನ್ನು ಹೊರಡಿಸಿದನು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಉಳಿದುವು. ತಳಿಯ ಬೆಲೆಯೆಲ್ಲವೂ ನೊಗ ಹೊರುವ ಹೆಗಲಿಗೆ ಸೇರಿತು. ಈ ಹಸುಗಳ ಹಾಲು ಅಲ್ಪ. ಅದೂ ಕರುವಿಗೇ ಮೀಸಲು.

ಈ ವ್ಯವಸ್ಥೆಯ ಜೀವಾಳವು ‘ಕಾವಲು’. ಉಳುಮೆಗೆ ಕೊಡದೆ ಮಂದೆಗಳಿಗಾಗಿಯೇ ಕಾಯ್ದಿಟ್ಟ ಹುಲ್ಲುಗಾವಲಿಗೆ ಈ ಹೆಸರು. ಮಳೆಗಾಲ, ಚಳಿಗಾಲ, ಬೇಸಗೆ ಎಂದು ಕಾವಲುಗಳನ್ನು ವಿಂಗಡಿಸಿದ್ದರು. ನೆರಳೂ ನೀರೂ ಉಳ್ಳವು ಬೇಸಗೆಯ ಪಾಲಿಗೆ ಬರುತ್ತಿದ್ದುವು. ಮಂದೆಯು ಋತುವಿಗೆ ತಕ್ಕಂತೆ ಒಂದರಿಂದ ಮತ್ತೊಂದಕ್ಕೆ ನಡೆಯುತ್ತಿದ್ದುದರಿಂದ ಬಿಟ್ಟುಹೋದ ನೆಲದಲ್ಲಿ ಹುಲ್ಲು ಮರಳಿ ಚಿಗುರಲು ಅವಕಾಶವಾಗುತ್ತಿದ್ದಿತು. ಹೀಗೆ ಬಯಲಿನಲ್ಲೇ ಹುಟ್ಟಿ, ಕೊಟ್ಟಿಗೆಯನ್ನು ಕಾಣದೆ ಬೆಳೆದ ಈ ದನಗಳು ಅರೆಕಾಡು ಸ್ವಭಾವದವು. ನೀಳವಾದ ಮುಖ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಚೂಪಾದ ಕೊಂಬುಗಳು, ಬೂದು ಬಣ್ಣದ ಬಿಗಿಯಾದ ಮೈ, ಕಿಡಿ ಸೂಸುವ ಕಣ್ಣು. ಪಳಗಿಸುವುದು ಕಷ್ಟ, ಪಳಗಿದ ಬಳಿಕ ಅವುಗಳ ನಡಿಗೆಗೂ ಸಹನೆಗೂ ಎಣೆಯಿಲ್ಲ.

ಇದರ ಫಲವು ರಣರಂಗದಲ್ಲಿ ಕಂಡಿತು. 1781ರಲ್ಲಿ ಸರ್ ಐರ್ ಕೂಟನು ಚಿದಂಬರದ ಮೇಲೆ ಬಿದ್ದಾಗ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿಗಳನ್ನು ನಡೆದು ಬಂದನೆಂದು ಆಂಗ್ಲರ ಬರೆಹಗಳೇ ಹೇಳುತ್ತವೆ. ಅದೇ ವರ್ಷ ಜುಲೈ 1ರಂದು ಪರಂಗಿಪೇಟೆಯ ಕದನದಲ್ಲಿ ಆತನು ಸೋತರೂ ತನ್ನ ಫಿರಂಗಿಗಳನ್ನು ಶತ್ರುವಿನ ಕೈಗೆ ಬಿಡದೆ ಸಾಗಿಸಿಕೊಂಡು ಹೋದನು. ಕೂಟನಿಗಾದರೋ ಎತ್ತುಗಳ ಅಭಾವವು ಆ ಯುದ್ಧದುದ್ದಕ್ಕೂ ತೀರದ ಕೊರತೆಯಾಗಿದ್ದಿತು. 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪುವು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾಯ್ದುದೂ, ಜನರಲ್ ಮೆಡೋಸನ ಎದುರಿನಲ್ಲಿ ಎರಡು ದಿನಗಳಲ್ಲಿ 63 ಮೈಲಿ ನಡೆದುದೂ ಈ ಎತ್ತುಗಳ ಬಲದಿಂದಲೇ.

ಎತ್ತಿಲ್ಲದ ಸೈನ್ಯದ ಗತಿಯೇನೆಂಬುದಕ್ಕೆ 1791ರ ಬೇಸಗೆಯೇ ಸಾಕ್ಷಿ. ಲಾರ್ಡ್ ಕಾರನ್‌ವಾಲಿಸನು ಬೆಂಗಳೂರನ್ನು ಹಿಡಿದು, ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿ, ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದನು. ಆದರೆ ಮೇವಿನ ಅಭಾವದಿಂದಲೂ ರೋಗದಿಂದಲೂ ಅವನ ಎತ್ತುಗಳು ಗುಂಪುಗುಂಪಾಗಿ ಸತ್ತುವು. ಕೋಟೆಯನ್ನು ಒಡೆಯಲೆಂದು ತಂದಿದ್ದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ, ಅವನು ತನ್ನ ಕೈಯಾರ ಅವುಗಳನ್ನು ನಾಶಪಡಿಸಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಗೆದ್ದ ಸೇನಾಪತಿಯು ಸೋತವನಂತೆ ಹಿಮ್ಮೆಟ್ಟಿದನು. ಮರುವರ್ಷ ಅವನು ಮತ್ತೆ ಬರುವ ಮುನ್ನ ದವಸವನ್ನು ಹೊತ್ತು ತರುವ ಬಣಜಾರರ ಎತ್ತಿನ ಹಿಂಡುಗಳನ್ನು ಸಾವಿರಗಟ್ಟಲೆಯಾಗಿ ಕೂಡಿಸಿಕೊಂಡುದು ಆ ಪಾಠದ ಫಲ. 1792ರ ಒಪ್ಪಂದದಲ್ಲಿ ಟಿಪ್ಪುವು ಅರ್ಧ ರಾಜ್ಯವನ್ನು ಕಳೆದುಕೊಂಡನು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಆಂಗ್ಲರು ಪಡೆದ ಆಸ್ತಿಗಳಲ್ಲಿ ಅಮೃತಮಹಲಿನ ಮಂದೆಗಳೂ ಸೇರಿದ್ದುವು. ಆರ್ಥರ್ ವೆಲ್ಲೆಸ್ಲಿಯು 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟುವಾಗಲೂ 1803ರ ಮರಾಠಾ ಯುದ್ಧದಲ್ಲಿಯೂ ಈ ಎತ್ತುಗಳ ಉಪಯೋಗವನ್ನು ಅರಿತನು. ಮುಂದೆ ಸ್ಪೇನ್ ದೇಶದ ಯುದ್ಧದಲ್ಲಿದ್ದಾಗ ಇವು ತನ್ನ ಬಳಿ ಇಲ್ಲವಲ್ಲವೆಂದು ಆತನು ಹಂಬಲಿಸಿದನೆಂಬ ಪ್ರತೀತಿಯುಂಟು. ಪೇಶ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಸ್‌ಲರನು 25 ದಿನಗಳಲ್ಲಿ 346 ಮೈಲಿ ಸಾಗಿದುದೂ ಇವುಗಳಿಂದಲೇ. ಒಂದು ರಾಜ್ಯವನ್ನು ಕಾಯಲೆಂದು ಬೆಳೆಸಿದ ಎತ್ತುಗಳು ಆ ರಾಜ್ಯವನ್ನು ಗೆದ್ದವರ ಗಾಡಿಯನ್ನೂ ಅಷ್ಟೇ ನಿಷ್ಠೆಯಿಂದ ಎಳೆದುವು. ಪ್ರಾಣಿಗೆ ಪಕ್ಷವಿಲ್ಲ, ಅದನ್ನು ಪೋಷಿಸುವ ವಿವೇಕವು ಯಾರಲ್ಲಿದೆಯೋ ಅವರಿಗೆ ಅದು ಒಲಿಯುತ್ತದೆ.

ಆ ವಿವೇಕವು ಸಡಿಲಿದಾಗಲೆಲ್ಲ ತಳಿಯೂ ಕುಗ್ಗಿತು. 1799ರ ತರುವಾಯ ಮೇಲ್ವಿಚಾರಣೆಯು ಸರಿಯಾಗಿ ನಡೆಯದೆ ಮಂದೆಗಳು ಕ್ಷೀಣಿಸಿದುವು. 1813ರಲ್ಲಿ ಕ್ಯಾಪ್ಟನ್ ಹಾರ್ವೆಯೆಂಬ ಅಧಿಕಾರಿಯ ಕೈಗೆ ಬಂದ ಮೇಲೆ ಅವು ಚೇತರಿಸಿಕೊಂಡುವು. 1860ರಲ್ಲಿ ಮಿತವ್ಯಯದ ನೆಪದಿಂದ ಮದರಾಸಿನ ಸರ್ಕಾರವು ಇಲಾಖೆಯನ್ನೇ ಮುರಿದು ದನಗಳನ್ನು ಮಾರಿಬಿಟ್ಟಿತು. ಸೈನ್ಯಕ್ಕೆ ಒಳ್ಳೆಯ ಎತ್ತುಗಳು ದೊರೆಯದೆ ತೊಂದರೆಯಾಗಲು, ಕೆಲವೇ ವರ್ಷಗಳಲ್ಲಿ ಅಳಿದುಳಿದವುಗಳನ್ನು ಹುಡುಕಿ ತಂದು ಮಂದೆಗಳನ್ನು ಮತ್ತೆ ಕಟ್ಟಬೇಕಾಯಿತು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ಬಳಿಕ ಅಮೃತಮಹಲೂ ಮೈಸೂರಿನ ಸರ್ಕಾರಕ್ಕೆ ಬಂದಿತು. ಕೆಲವು ದಿನಗಳ ಹಣದ ಉಳಿತಾಯಕ್ಕಾಗಿ ಶತಮಾನಗಳ ಗಳಿಕೆಯನ್ನು ಹರಾಜಿಗಿಟ್ಟ ಈ ಪ್ರಸಂಗವು ಆಡಳಿತಗಾರರು ಮರೆಯಬಾರದ ಪಾಠ.

ಹುಕುಂನಾಮೆಗಳಿಗಿಂತಲೂ ಹಳೆಯದಾದ ಇನ್ನೊಂದು ಪೋಷಣೆಯೂ ಈ ಬಯಲುಗಳಲ್ಲಿ ಉಂಟು. ಚಿತ್ರದುರ್ಗ ಸೀಮೆಯ ಮ್ಯಾಸಬೇಡರೂ ಕಾಡುಗೊಲ್ಲರೂ ‘ದೇವರ ಎತ್ತು’ಗಳ ಹಿಂಡನ್ನು ಸಾಕುತ್ತಾರೆ. ಅವುಗಳ ಹೆಗಲಿಗೆ ನೊಗವನ್ನು ಇಡುವುದಿಲ್ಲ. ಗೊಲ್ಲರ ಜುಂಜಪ್ಪನ ಕಾವ್ಯದಲ್ಲಿ ದನಗಾಹಿಯೇ ವೀರ, ದನಗಾಹಿಯೇ ದೈವ. ಅರಸನಿಗೆ ಎತ್ತು ಬಲವಾಗಿದ್ದರೆ, ಈ ಜನರಿಗೆ ಅದು ಬಂಧುವೂ ದೇವರೂ ಆಯಿತು. ಯಾವ ಹುಲ್ಲು ಯಾವ ತಿಂಗಳು ಮೇವಿಗೆ ಬರುವುದು, ಯಾವ ಹಳ್ಳದಲ್ಲಿ ನೀರು ನಿಲ್ಲುವುದು ಎಂಬ ತಿಳಿವಳಿಕೆಯು ಇಂತಹ ದನಗಾಹಿ ಜನರದು. ಸರ್ಕಾರದ ಇಲಾಖೆಯು ನಿಂತುದು ಆ ತಿಳಿವಳಿಕೆಯ ಬುನಾದಿಯ ಮೇಲೆ.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂದು ಫಿರಂಗಿಯ ನೊಗವು ಕೆಳಗಿಳಿಯಿತು. ಯುದ್ಧಕ್ಕೆ ಬೇಡವಾದ ಮೇಲೆ ಹಾಲು ಕೊಡದ ಈ ತಳಿಯಿಂದ ಏನು ಲಾಭವೆಂಬ ಪ್ರಶ್ನೆಯು ಎದ್ದಿತು. ಒಮ್ಮೆ ಲಕ್ಷಾಂತರ ಎಕರೆಗಳಷ್ಟಿದ್ದ ಕಾವಲುಗಳು ಉಳುಮೆಗೂ ನೆಡುತೋಪಿಗೂ ಕಟ್ಟಡಗಳಿಗೂ ಹಂಚಿಹೋದುವು. 2008ರಿಂದೀಚೆಗೆ ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಂದಾಗ, ಅಲ್ಲಿ ಕುರಿದನಗಳನ್ನು ಮೇಯಿಸಿ ಬಾಳುತ್ತಿದ್ದ ಹಳ್ಳಿಗಳ ಜನರು ನ್ಯಾಯಾಸನದ ಮೊರೆಹೊಕ್ಕರು. ದೇಶಕ್ಕೆ ವಿಜ್ಞಾನವೂ ಬೇಕು, ರಕ್ಷಣೆಯೂ ಬೇಕು. ಆದರೆ ಬರಿದಾಗಿ ತೋರುವ ಬಯಲು ‘ಬೀಳು’ ಅಲ್ಲವೆಂಬುದನ್ನು ಮೈಸೂರಿನ ಹಳೆಯ ದೊರೆಗಳು ಅರಿತಿದ್ದರು. ಅದೂ ರಕ್ಷಣೆಯ ದೃಷ್ಟಿಯಿಂದಲೇ.

ಕಾವಲಿನ ಉಪಕಾರವು ಎತ್ತಿನೊಡನೆ ಮುಗಿಯಲಿಲ್ಲ. ನೇಗಿಲು ತಗಲದ ಆ ಹುಲ್ಲಿನಲ್ಲಿ ಕೃಷ್ಣಮೃಗಗಳೂ ತೋಳಗಳೂ ಬಯಲುಹಕ್ಕಿಗಳೂ ಆಶ್ರಯ ಪಡೆದುವು. ಕಡೂರು ತಾಲ್ಲೂಕಿನ ಬಾಸೂರಿನ ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ಅಜ್ಜಂಪುರದ ತಳಿಸಂವರ್ಧನ ಕೇಂದ್ರದಲ್ಲಿ ಅಮೃತಮಹಲಿನ ಮಂದೆಗಳು ಇಂದಿಗೂ ಉಳಿದಿವೆ. ಹುಲ್ಲು, ದನ, ದನಗಾಹಿ ಎಂಬ ಈ ಮೂರರಲ್ಲಿ ಒಂದನ್ನು ಕಿತ್ತರೆ ಉಳಿದೆರಡೂ ನಿಲ್ಲಲಾರವು. 1860ರಲ್ಲಿ ಮಾರಿಹೋದ ಮಂದೆಗಳನ್ನು ಮತ್ತೆ ಕಟ್ಟಲು ಸಾಧ್ಯವಾದುದು ಕಾವಲುಗಳು ಉಳಿದಿದ್ದುದರಿಂದ. ಕಾವಲೇ ಹೋದರೆ ಮತ್ತೆ ಕಟ್ಟುವುದಕ್ಕೆ ನೆಲವಿರದು.