ಬೆಂಕಿ ಹಚ್ಚಿದವರ ಕಡತ

ಡಾಂಗ್ ಕಾಡಿನ ಭಿಲ್ಲರು ಬೇಸಿಗೆಯಲ್ಲಿ ನೆಲದ ತರಗಿಗೆ ಬೆಂಕಿ ಕೊಡುತ್ತಿದ್ದರು. ಬ್ರಿಟಿಷರ ಕಾಲದ ಅರಣ್ಯ ವರದಿಗಳಲ್ಲಿ ಈ ಬೆಂಕಿ ಅಪರಾಧವಾಗಿ, ತೇಗದ ನಷ್ಟವಾಗಿ ದಾಖಲಾಗಿದೆ. ಹಚ್ಚಿದವರು ಯಾಕೆ ಹಚ್ಚಿದರು ಎಂಬುದು ಎಲ್ಲಾದರೂ ಬರವಣಿಗೆಯಲ್ಲಿ ಉಳಿದಿದೆಯೇ? ಈ ಒಂದು ಪ್ರಶ್ನೆಗಾಗಿ ನಾನು ವಡೋದರಾದಲ್ಲಿರುವ ಹಳೆಯ ಬರೋಡಾ ಸಂಸ್ಥಾನದ ದಫ್ತರಕ್ಕೆ ಹೋದೆ.

ಡಾಂಗ್ ಇರುವುದು ದಕ್ಷಿಣ ಗುಜರಾತಿನ ಅಂಚಿನಲ್ಲಿ. ಬರೋಡಾದ ಅರಸರಾದ ಗಾಯಕವಾಡರು ಅದನ್ನು ಆಳಿದವರಲ್ಲ. ಆದರೂ ಅವರ ಕಾಗದಪತ್ರಗಳಿಗೂ ಡಾಂಗಿಗೂ ನಂಟಿದೆ. ಸೋನ್‌ಗಢ, ವ್ಯಾರಾ ಸೀಮೆಯ ಗಾಯಕವಾಡಿ ಹಳ್ಳಿಗಳಿಂದ ಡಾಂಗಿನ ಭಿಲ್ ಮುಖ್ಯಸ್ಥರು ‘ಗಿರಾಸ್’ ಎಂಬ ಹಕ್ಕಿನ ಹಣ ಪಡೆಯುತ್ತಿದ್ದರು. ಕೊಡದಿದ್ದರೆ ಹಳ್ಳಿಯ ಮೇಲೆ ಬೀಳುತ್ತಿದ್ದರು. ಬ್ರಿಟಿಷರು ಇದನ್ನು ದರೋಡೆ ಎಂದರು. ಭಿಲ್ಲರ ಲೆಕ್ಕದಲ್ಲಿ ಅದು ಆ ನೆಲದಲ್ಲಿ ತಮಗಿದ್ದ ಪಾಲು.

ಕಾಡಿನ ವಿಷಯಕ್ಕೆ ಬಂದರೆ ಮೊದಲು ನೋಡಬೇಕಾದದ್ದು 1842ರ ಗುತ್ತಿಗೆ. ಮುಂಬೈಯ ಹಡಗುಕಟ್ಟೆಗೆ ತೇಗ ಬೇಕಿತ್ತು. ಅದಕ್ಕಾಗಿ ಬ್ರಿಟಿಷರು ಡಾಂಗಿನ ಕಾಡನ್ನು ಭಿಲ್ ಮುಖ್ಯಸ್ಥರಿಂದ ಗುತ್ತಿಗೆಗೆ ಪಡೆದರು. ಗುತ್ತಿಗೆ ಕೊಟ್ಟವರು ಒಡೆಯರೇ ತಾನೆ? ಅರ್ಧ ಶತಮಾನ ತುಂಬುವುದರೊಳಗೆ, 1889ರಲ್ಲಿ, ಅದೇ ಕಾಡಿಗೆ ಅರಣ್ಯ ಇಲಾಖೆಯ ಗಡಿಗೆರೆ ಬಿತ್ತು. ಒಡೆಯರ ಮಕ್ಕಳು ತಮ್ಮ ಕಾಡಿನಲ್ಲೇ ಕೊಡಲಿ ಹಿಡಿದರೂ ತಪ್ಪಿತಸ್ಥರಾದರು. ಇತಿಹಾಸಕಾರ ಅಜಯ್ ಸ್ಕಾರಿಯಾ ಡಾಂಗಿನಲ್ಲಿ ಹಿರಿಯರ ‘ಗೋಠ್’ ಕಥನಗಳನ್ನು ಕೇಳಿ ಬರೆದ ಪುಸ್ತಕ 1999ರಲ್ಲಿ ಬಂತು. ಆ ಕಥನಗಳು ಕಾಲವನ್ನು ರಾಜರ ಹೆಸರಿನಿಂದ ಅಳೆಯುವುದಿಲ್ಲ. ಬೇಟೆಯಾಡಿ, ಮೀನು ಹಿಡಿದು, ಕಾಡು ಕಡಿದು ಸುಟ್ಟು ಬಿತ್ತಿಕೊಂಡಿದ್ದ ಕಾಲ ‘ಮೊಗಲಾಯಿ’. ಗಡಿಗೆರೆ ಬಿದ್ದ ಮೇಲಿನದು ‘ಮಂಡಿನಿ’. ಅರಣ್ಯ ಇಲಾಖೆ ಬಂದದ್ದೇ ಅವರ ಪಾಲಿಗೆ ಯುಗ ಬದಲಾದ ಗಳಿಗೆ. ಯಾವ ಸರ್ಕಾರಿ ಕಡತವೂ ಇಷ್ಟು ನೇರವಾಗಿ ಇದನ್ನು ಹೇಳಲಾರದು.

ಹಚ್ಚಿದವರ ಕಾರಣ ದಫ್ತರದಲ್ಲಿ ಸಿಗಲಿಲ್ಲ. ಬೆಂಕಿಯಿಂದ ಕಾಡಿಗೇನು ಲಾಭ ಎಂಬುದು ಮಾತ್ರ ಬೇರೆ ಕಡೆ ಸಿಕ್ಕಿತು. 1896ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಸ್ಲೇಡ್ ಎಂಬ ಅಧಿಕಾರಿ, ಬರ್ಮಾದಲ್ಲಿ ಬೆಂಕಿ ತಡೆಯುವುದು ಅತಿಯಾಗಿದೆ ಎಂದು ಬರೆದ. ತೇಗದ ಬೀಜದ ಹೊದಿಕೆ ಗಟ್ಟಿ. ಹಗುರ ಬೆಂಕಿಯ ಬಿಸಿಗೆ ಅದು ಸಡಿಲವಾಗುತ್ತದೆ. ಎಳೆ ಸಸಿ ಸುಟ್ಟರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಬೆಂಕಿಯೇ ಇಲ್ಲದಿದ್ದರೆ ಬಿದಿರು, ನೆರಳಿನ ಗಿಡಗಳು ಒತ್ತಾಗಿ ಬೆಳೆದು ಬೆಳಕು ಬೇಕಾದ ತೇಗದ ಸಸಿಯನ್ನು ಅಡಗಿಸುತ್ತವೆ. ತೇಗಕ್ಕಾಗಿ ಬೆಂಕಿ ನಿಲ್ಲಿಸಿದ ಇಲಾಖೆಯಿಂದಲೇ ತೇಗಕ್ಕೆ ಪೆಟ್ಟು ಬಿದ್ದಿತ್ತು. ಇದು ಅಧಿಕಾರಿಯೊಬ್ಬ ಬರೆದಾಗ ವಿಜ್ಞಾನವಾಯಿತು. ಕಾಡಿನವರು ತಲೆತಲಾಂತರದಿಂದ ಮಾಡುತ್ತಿದ್ದಾಗ ಅಜ್ಞಾನವಾಗಿತ್ತು. ಈ ಅನ್ಯಾಯ ನನ್ನನ್ನು ಇನ್ನೂ ಕಾಡುತ್ತದೆ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ನಡೆಯಿತು. 1974ರಲ್ಲಿ ಅದು ವನ್ಯಧಾಮವಾದ ಮೇಲೆ ಅಲ್ಲಿನ ಆದಿವಾಸಿಗಳಾದ ಸೋಲಿಗರ ‘ತರಗು ಬೆಂಕಿ’ ನಿಂತಿತು. ಲಂಟಾನ ಕಾಡು ತುಂಬಿತು, ನೆಲ್ಲಿ ಮರಗಳಿಗೆ ಬದನಿಕೆ ಹತ್ತಿತು. ಬೆಂಕಿ ಇದ್ದಾಗ ಇವೆರಡೂ ಹತೋಟಿಯಲ್ಲಿದ್ದವು ಎಂದು ಸೋಲಿಗರು ಹೇಳುತ್ತಲೇ ಬಂದರು. ಸಂಶೋಧಕರು ಅವರ ಜೊತೆ ಕೂತು ಅದನ್ನು ಬರೆದುಕೊಳ್ಳಲು ದಶಕಗಳೇ ಬೇಕಾದವು. 2011ರಲ್ಲಿ, ಹುಲಿ ಮೀಸಲು ಘೋಷಣೆಯಾದ ವರ್ಷವೇ, ಅಲ್ಲಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕೂ ಸಿಕ್ಕಿತು.

ದಫ್ತರದಲ್ಲಿ ಇಲ್ಲದ್ದನ್ನು ಕೂಡಿಡುವ ಕೆಲಸವೂ ವಡೋದರಾದಲ್ಲೇ ಶುರುವಾಗಿದೆ. ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಗಣೇಶ ದೇವಿ 1996ರಲ್ಲಿ ಇಲ್ಲಿ ‘ಭಾಷಾ’ ಸಂಸ್ಥೆ ಕಟ್ಟಿದರು. ಬಳಿಕ ರಾಠವಾ ಆದಿವಾಸಿಗಳ ಸೀಮೆಯ ತೇಜಗಢದಲ್ಲಿ ಆದಿವಾಸಿ ಅಕಾಡೆಮಿ ಎದ್ದಿತು. ‘ಢೋಲ್’ ಪತ್ರಿಕೆ ಆದಿವಾಸಿಗಳ ನುಡಿಗಳಲ್ಲೇ ಬಂತು. ಮುಂದೆ ದೇವಿಯವರು ಧಾರವಾಡಕ್ಕೆ ಬಂದು ನೆಲೆಸಿದ್ದು ಕನ್ನಡಿಗರಿಗೆ ಗೊತ್ತೇ ಇದೆ. ಡಾಂಗಿನ ಮುಖ್ಯಸ್ಥರ ಹಕ್ಕಿನ ನೆನಪು ಮಾತ್ರ ಕಡತದ ಹೊರಗೂ ಉಳಿದಿದೆ. ಬ್ರಿಟಿಷರು ದರ್ಬಾರು ಕರೆದು ಭಿಲ್ ಮುಖ್ಯಸ್ಥರಿಗೆ ಅವರ ಪಾಲಿನ ಹಣ ಕೊಡುತ್ತಿದ್ದರು. ಈಗಲೂ ಹೋಳಿಗೆ ಮೊದಲು ಡಾಂಗಿನ ಆಹ್ವಾ ಊರಿನಲ್ಲಿ ಡಾಂಗ್ ದರ್ಬಾರು ನೆರೆಯುತ್ತದೆ. ಐವರು ಭಿಲ್ ರಾಜರಿಗೆ ಸರ್ಕಾರ ವರ್ಷಾಸನ ಕೊಡುತ್ತದೆ.