ಜಾವಾ

ಒಮ್ಮೆ ಸಿದ್ಧಪಡಿಸಿದ ಪ್ರೋಗ್ರಾಮು, ಆಂತರಿಕ ರಚನೆಯಲ್ಲಿ ಪರಸ್ಪರ ಭಿನ್ನವಾದ ನಾನಾ ಬಗೆಯ ಕಂಪ್ಯೂಟರುಗಳಲ್ಲಿ ಮಾರ್ಪಾಡಿಲ್ಲದೆ ನಡೆಯಬೇಕೆಂಬ ಉದ್ದೇಶದಿಂದ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ರೂಪುಗೊಂಡು, 1995ರ ಮೇ ತಿಂಗಳಲ್ಲಿ ಪ್ರಕಟವಾದ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಭಾಷೆ.

ಜೇಮ್ಸ್ ಗಾಸ್ಲಿಂಗ್, ಮೈಕ್ ಶೆರಿಡನ್, ಪ್ಯಾಟ್ರಿಕ್ ನಾಟನ್ ಮೊದಲಾದವರು ಗೃಹೋಪಯೋಗಿ ವಿದ್ಯುನ್ಮಾನ ಉಪಕರಣಗಳಿಗಾಗಿ 1991ರಲ್ಲಿ ಆರಂಭಿಸಿದ ಗ್ರೀನ್ ಪ್ರಾಜೆಕ್ಟ್ ಎಂಬ ಕಾರ್ಯವೇ ಇದರ ಮೂಲ. ಅಂತಹ ಉಪಕರಣಗಳ ತಯಾರಕರು ಅಗ್ಗದ ಹೊಸ ಚಿಪ್ಪು ದೊರೆತೊಡನೆ ಹಳೆಯದನ್ನು ತ್ಯಜಿಸುವವರಾದುದರಿಂದಲೂ, ಒಂದು ಚಿಪ್ಪಿಗೆಂದು ಕಂಪೈಲ್ ಮಾಡಿದುದು ಇನ್ನೊಂದಕ್ಕೆ ನಿರುಪಯುಕ್ತವಾದುದರಿಂದಲೂ, ಸಿ ಪ್ಲಸ್ ಪ್ಲಸ್ ಭಾಷೆಯನ್ನೇ ವಿಸ್ತರಿಸುವ ಯತ್ನವನ್ನು ಬಿಟ್ಟು ಗಾಸ್ಲಿಂಗ್ ಓಕ್ ಎಂಬ ನೂತನ ಭಾಷೆಯನ್ನು ನಿರ್ಮಿಸಿದರು. ಆ ಹೆಸರು ಅನ್ಯರ ಟ್ರೇಡ್‌ಮಾರ್ಕ್ ಆಗಿದ್ದಿತಾಗಿ ಜಾವಾ ಎಂಬ ಹೆಸರು ಬಂದಿತು. ಉಪಕರಣಗಳ ಮಾರುಕಟ್ಟೆ ಒಲಿಯಲಿಲ್ಲ. ಆದರೆ ಅದೇ ಕಾಲಕ್ಕೆ ಹಬ್ಬತೊಡಗಿದ್ದ ವರ್ಲ್ಡ್ ವೈಡ್ ವೆಬ್, ಬಗೆಬಗೆಯ ಯಂತ್ರಗಳನ್ನು ಒಂದೇ ಜಾಲದಲ್ಲಿ ಕೂಡಿಸಿದ್ದರಿಂದ, ಈ ಭಾಷೆಗೆ ಅನಿರೀಕ್ಷಿತವಾದ ಕ್ಷೇತ್ರವನ್ನು ಒದಗಿಸಿತು.

ಜಾವಾದ ಕಂಪೈಲರು ಯಾವ ನೈಜ ಯಂತ್ರಕ್ಕೂ ಸೇರದ ಬೈಟ್‌ಕೋಡ್ ಎಂಬ ಮಧ್ಯಂತರ ರೂಪವನ್ನು ನೀಡುತ್ತದೆ. ಜಾವಾ ನಡೆಸುವ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಇರುವ ವರ್ಚುಯಲ್ ಮೆಷಿನ್ ಎಂಬ ತಂತ್ರಾಂಶವು ಅದನ್ನು ಪರೀಕ್ಷಿಸಿ, ಆಯಾ ಯಂತ್ರಕ್ಕೆ ಒಪ್ಪುವಂತೆ ನಡೆಸುತ್ತದೆ. ಜಾವಾದ ಅಂಶಗಳಲ್ಲಿ ಒಂದೂ ಸರ್ವಥಾ ಹೊಸದಲ್ಲವೆಂಬುದು ಗಮನಾರ್ಹ. ಕ್ಲಾಸ್ ಮತ್ತು ಆಬ್ಜೆಕ್ಟುಗಳ ಕಲ್ಪನೆ ನಾರ್ವೆಯಲ್ಲಿ ಡಾಲ್ ಮತ್ತು ನ್ಯುಗಾರ್ಡ್ ರಚಿಸಿದ ಸಿಮ್ಯುಲಾದಿಂದ, ಬಳಸಿ ಬಿಟ್ಟ ಮೆಮೊರಿಯನ್ನು ತಾನಾಗಿಯೇ ಮರಳಿ ಪಡೆಯುವ ವಿಧಾನ ಜಾನ್ ಮೆಕಾರ್ಥಿಯವರ ಲಿಸ್ಪ್‌ನಿಂದ, ಮಧ್ಯಂತರ ಸಂಕೇತದ ಉಪಾಯ ಪಾಸ್ಕಲ್ ಭಾಷೆಯ ಪಿ-ಕೋಡ್‌ನಂತಹವುಗಳಿಂದ ಪರಿಚಿತವಾಗಿದ್ದವು. ಜಾವಾದ ನಿಜವಾದ ಹಿರಿಮೆಯಿರುವುದು ನಿಯಮಗಳ ನಿಷ್ಕೃಷ್ಟತೆಯಲ್ಲಿ: ಸಿ ಭಾಷೆಯಲ್ಲಿ ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದಾಗಿದ್ದ ಪೂರ್ಣಾಂಕದ ಗಾತ್ರವನ್ನು, ಎಲ್ಲಿಯೂ ಮೂವತ್ತೆರಡು ಬಿಟ್ಟುಗಳೇ ಎಂದು ಅದು ನಿಶ್ಚಯಿಸಿತು. ಆರಂಭದಿಂದಲೇ ಅಕ್ಷರಗಳಿಗೆ ಯೂನಿಕೋಡನ್ನು ಅಂಗೀಕರಿಸಿದ್ದು ಅಷ್ಟೇ ದೂರದೃಷ್ಟಿಯ ಕ್ರಮ. ಆಂಗ್ಲ ಲಿಪಿಯ ಪರಿಧಿಯಲ್ಲಿಯೇ ಉಳಿದಿದ್ದ ಅನೇಕ ಭಾಷೆಗಳ ನಡುವೆ, ಕನ್ನಡದ ಪಠ್ಯಕ್ಕೆ, ಪ್ರೋಗ್ರಾಮಿನೊಳಗಿನ ಹೆಸರುಗಳಿಗೆ ಸಹ, ಸ್ಥಾನವನ್ನಿತ್ತ ಈ ನಿರ್ಣಯವನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ವೆಬ್ ಪುಟಗಳೊಳಗೆ ನಡೆಯುವ ಆಪ್ಲೆಟ್ಟುಗಳಿಂದ ಮೊದಲು ಪ್ರಸಿದ್ಧಿಗೆ ಬಂದ ಜಾವಾ, ಕಾಲಕ್ರಮೇಣ ಅಲ್ಲಿಂದ ಹಿಂದೆ ಸರಿದು, ಬ್ಯಾಂಕುಗಳ ಹಾಗೂ ದೊಡ್ಡ ಸಂಸ್ಥೆಗಳ ಸರ್ವರುಗಳಲ್ಲಿ ನೆಲೆನಿಂತಿತು. ನಿಧಾನಗತಿಯೆಂಬ ಆಕ್ಷೇಪವನ್ನು, ಪದೇ ಪದೇ ನಡೆಯುವ ಭಾಗಗಳನ್ನು ನಡೆಯುತ್ತಿರುವಾಗಲೇ ಯಂತ್ರಭಾಷೆಗೆ ಪರಿವರ್ತಿಸುವ ಹಾಟ್‌ಸ್ಪಾಟ್ ಎಂಬ ವರ್ಚುಯಲ್ ಮೆಷಿನ್ 1999ರಿಂದ ಬಹುಮಟ್ಟಿಗೆ ನಿವಾರಿಸಿತು. ಜಾವಾದ ಹೊಂದಿಕೆಯ ನಿಯಮಗಳ ಉಲ್ಲಂಘನೆಯನ್ನು ಕುರಿತು ಮೈಕ್ರೋಸಾಫ್ಟಿನ ಮೇಲೆ ಸನ್ 1997ರಲ್ಲಿ ಹೂಡಿದ ದಾವೆ 2001ರಲ್ಲಿ ಒಪ್ಪಂದದಿಂದ ಮುಗಿಯಿತು. 2006ರಿಂದ ಮುಕ್ತ ಪರವಾನಗಿಯಡಿ ಮೂಲಸಂಕೇತ ಬಿಡುಗಡೆಯಾಗತೊಡಗಿತು. 2010ರಲ್ಲಿ ಸನ್ ಸಂಸ್ಥೆ ಆರಕಲ್‌ನ ವಶವಾದ ಬಳಿಕ, ಆಂಡ್ರಾಯ್ಡ್‌ನಲ್ಲಿ ಜಾವಾದ ಅಂಶಗಳನ್ನು ಬಳಸಿದ ಗೂಗಲ್‌ನೊಡನೆ ಉಂಟಾದ ದೀರ್ಘ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಗೂಗಲ್ ಪರವಾಗಿ ತೀರ್ಪಿತ್ತಿತು. ಸ್ಕಾಲಾ, ಕ್ಲೋಜರ್, ಕೋಟ್ಲಿನ್ ಎಂಬ ನಂತರದ ಭಾಷೆಗಳು ಜಾವಾದ ವ್ಯಾಕರಣವನ್ನು ತೊರೆದರೂ ಅದರ ಬೈಟ್‌ಕೋಡನ್ನೂ ವರ್ಚುಯಲ್ ಮೆಷಿನನ್ನೂ ಆಶ್ರಯಿಸಿಯೇ ಬೆಳೆದಿವೆ.