ಸ್ವಾಮಿ ಬೆಳ್ಳಿ

ಹೊರಮೈಯಲ್ಲಿ ಹಿಂದೂ ದೇವದೇವತೆಗಳ ಉಬ್ಬುಚಿತ್ರಗಳಿರುವ ದಕ್ಷಿಣ ಭಾರತದ ಬೆಳ್ಳಿ ಸಾಮಾನು. ಹಳೆಯ ಮೇಜುಪಾತ್ರೆಗಳ ಸಂಗ್ರಾಹಕರಲ್ಲಿ ಇದಕ್ಕೆ ಬೇಡಿಕೆ ಹೆಚ್ಚು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿ ಇದಕ್ಕೆ ಹೆಸರು ತಂದಿತು. 1875-76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದುಹೋದ ಮೇಲೆ ಇಂಗ್ಲೆಂಡಿನಲ್ಲೂ ಪ್ರಚಾರವಾಯಿತು. ಬೆಂಗಳೂರು ದಂಡುಪ್ರದೇಶದಲ್ಲೂ ಈ ಶೈಲಿಯ ಕೆಲಸ ನಡೆಯುತ್ತಿತ್ತು.

ಕಾಫಿ ಕುಜೆ, ಟೀ ಪಾತ್ರೆ, ಹಾಲಿನ ಗಿಂಡಿ, ಸಕ್ಕರೆ ಬಟ್ಟಲು ಇದರ ಮುಖ್ಯ ವಸ್ತುಗಳು. ಆಕಾರ ಇಂಗ್ಲಿಷರದು, ಅಲಂಕಾರ ದೇವಸ್ಥಾನದ ಗೋಡೆಯದು. ಗಿರಾಕಿಗಳು ಬಹುಪಾಲು ಯುರೋಪಿಯನ್ನರು. ಕಾಫಿ ಕುಜೆ ಎತ್ತರ, ಟೀ ಪಾತ್ರೆ ಗಿಡ್ಡ ಮತ್ತು ಗುಂಡಗೆ. ಅಕ್ಕಸಾಲಿಗರು ತಗಡನ್ನು ಒಳಗಿನಿಂದ ಬಡಿದು ಉಬ್ಬಿಸಿ, ಆಮೇಲೆ ಅರಗು ತುಂಬಿ ಹೊರಗಿನಿಂದ ಚಾಣದಲ್ಲಿ ಮುಖ, ಒಡವೆ, ಆಯುಧಗಳನ್ನು ಬಿಡಿಸುತ್ತಿದ್ದರು. ಹಿಡಿಕೆಗೆ ಬಿಸಿ ಏರದಂತೆ ಬೆಸುಗೆಯ ಕಡೆ ದಂತದ ಬಿಲ್ಲೆ ಸೇರಿಸುವುದೂ ಇತ್ತು.

ಕೊಳ್ಳುವವರು ಮೊದಲು ತಳದ ಮುದ್ರೆ ನೋಡಬೇಕು. ಅಲ್ಲಿರುವುದು ಅಂಗಡಿಯ ಹೆಸರಷ್ಟೇ, ಸರ್ಕಾರಿ ಪರಿಶುದ್ಧತೆಯ ಗುರುತಲ್ಲ. ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. ಉಬ್ಬಿನ ಸಂದಿಯ ಕಪ್ಪನ್ನು ಪೂರ್ತಿ ತಿಕ್ಕಿ ತೆಗೆಯುವುದು ತಪ್ಪು, ಚಿತ್ರದ ಆಳವೇ ಹೋಗುತ್ತದೆ. ದಂತವಿದ್ದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯ್ದೆ ನಿಷೇಧಿಸಿದೆ.